ಹೆಸರಿಲ್ಲದ ಲೆಕ್ಕದ ಪುಸ್ತಕ

ಮನೆಯ ಹಣದ ವಿಷಯವು ನೆರೆಹೊರೆಯವರ ಬಾಯಿಗೆ ಬೀಳಕೂಡದೆಂಬುದು ಹಿರಿಯರ ನೀತಿ. ಗೋಪ್ಯವಾಗಿಡತಕ್ಕ ಒಂಬತ್ತು ಸಂಗತಿಗಳನ್ನು ಎಣಿಸುವಾಗ ಸಂಸ್ಕೃತದ ನೀತಿಕಾರರು ವಿತ್ತವನ್ನೂ ಅವುಗಳಲ್ಲಿ ಸೇರಿಸಿರುವರು. ಬಿಟ್‌ಕಾಯಿನ್ ಎಂಬ ನಾಣ್ಯದಿಂದ ಹಣ ಸಲ್ಲಿಸಿದರೆ ಈ ಗೋಪ್ಯವು ತಾನಾಗಿಯೇ ಸಿದ್ಧಿಸುವುದೆಂದು ನಮ್ಮ ತರುಣರಲ್ಲಿ ಕೆಲವರು ನಂಬಿರುವರು. ಈ ನಂಬಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಈ ತಿಂಗಳು ವಿಚಾರಿಸೋಣ.

ಮೂಡಬಿದಿರೆಯಲ್ಲಿ 1430ರಲ್ಲಿ ನಿರ್ಮಿತವಾದ ಸಾವಿರ ಕಂಬದ ಬಸದಿಯನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಅಂತಹ ದೇವಾಲಯಗಳ ದಾನಶಾಸನಗಳು ಯಾರು ಏನನ್ನು ಕೊಟ್ಟರೆಂಬುದನ್ನು ಕಲ್ಲಿನ ಮೇಲೆ ಎಲ್ಲರಿಗೂ ತಿಳಿಸುತ್ತವೆ. ಆದರೆ ದಾತನ ಪೆಟ್ಟಿಗೆಯಲ್ಲಿ ಉಳಿದುದೆಷ್ಟೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಬಿಟ್‌ಕಾಯಿನ್ನಿನ ಲೆಕ್ಕದ ಪುಸ್ತಕವಾದರೋ ಅದನ್ನೂ ಹೇಳಿಬಿಡುವುದು. 2009ನೆಯ ಜನವರಿ 3ರಿಂದ ಈವರೆಗಿನ ಪ್ರತಿಯೊಂದು ಪಾವತಿಯೂ ಅದರಲ್ಲಿ ದಾಖಲಾಗಿದೆ. ಅದರ ಪ್ರತಿಗಳು ಲೋಕದ ಸಾವಿರಾರು ಗಣಕಯಂತ್ರಗಳಲ್ಲಿರುವುದರಿಂದ ಯಾರು ಬೇಕಾದರೂ ಓದಬಹುದು, ಅಳಿಸುವುದು ಮಾತ್ರ ಶಕ್ಯವಲ್ಲ. ಅಲ್ಲಿ ವ್ಯಕ್ತಿಯ ಹೆಸರಿಗೆ ಬದಲಾಗಿ ಅಕ್ಷರ ಅಂಕಿಗಳ ಒಂದು ಸಾಲಿರುವುದು. ಇದಕ್ಕೆ ವಿಳಾಸವೆಂದು ಹೆಸರು.

ಬೆಳ್ತಂಗಡಿಯ ಒಬ್ಬ ಕೃಷಿಕನು ಬಂಟ್ವಾಳದ ವರ್ತಕನಿಗೆ ಅಡಕೆಯನ್ನು ಮಾರಿದನೆಂದು ಭಾವಿಸೋಣ. ಬೆಲೆಯು ಬ್ಯಾಂಕಿನ ಮೂಲಕವೋ, 2016ರಲ್ಲಿ ಬಂದ ಯುಪಿಐ ಮೂಲಕವೋ ಸಂದರೆ, ಪರಸ್ಪರರ ಹೆಸರು ತಿಳಿಯುವುದೇ ಹೊರತು ಖಾತೆಯ ಶಿಲ್ಕು ತಿಳಿಯದು. ಬಿಟ್‌ಕಾಯಿನ್ನಿನಲ್ಲಿ ಸಂದರೆ, ಕೃಷಿಕನ ವಿಳಾಸವನ್ನರಿತ ವರ್ತಕನು ಅದಕ್ಕೆ ಹಿಂದೆ ಬಂದುದೆಷ್ಟು, ಈಗ ಉಳಿದುದೆಷ್ಟು ಎಂಬುದನ್ನು ಕುಳಿತಲ್ಲಿಯೇ ನೋಡಬಲ್ಲನು. ಬೆಲೆಯ ಚೌಕಾಸಿಯಲ್ಲಿ ಇದು ಎಂತಹ ಆಯುಧವಾಗಬಹುದೆಂಬುದನ್ನು ವಾಚಕರೇ ಊಹಿಸಬಹುದು. ಪ್ರತಿ ಪಾವತಿಗೂ ಹೊಸ ವಿಳಾಸವನ್ನು ಬಳಸಬೇಕೆಂದು ಈ ನಾಣ್ಯದ ನಿರ್ಮಾತೃವೇ 2008ರ ಲೇಖನದಲ್ಲಿ ಸೂಚಿಸಿದ್ದುಂಟು. ಆದರೆ ಹಲವು ವಿಳಾಸಗಳ ಹಣವನ್ನು ಒಂದೇ ಪಾವತಿಯಲ್ಲಿ ಕೂಡಿಸಿದರೆ ಅವುಗಳ ಒಡೆಯನೊಬ್ಬನೇ ಎಂಬುದು ಬಯಲಾಗುವುದೆಂದೂ ಅಲ್ಲಿಯೇ ಒಪ್ಪಿಕೊಂಡಿದೆ.

ಕಳ್ಳರಿಗೂ ಈ ಪುಸ್ತಕವು ಆಶ್ರಯವಾಗಲಿಲ್ಲ. 2016ನೆಯ ಆಗಸ್ಟಿನಲ್ಲಿ ಬಿಟ್‌ಫಿನೆಕ್ಸ್ ಎಂಬ ವಿನಿಮಯ ಸಂಸ್ಥೆಯಿಂದ ಸುಮಾರು 1,19,000 ಬಿಟ್‌ಕಾಯಿನ್‌ಗಳು ಅಪಹೃತವಾದವು. ಪಾವತಿಗಳ ಜಾಡನ್ನು ಹಿಡಿದು ಅಮೆರಿಕದ ಅಧಿಕಾರಿಗಳು 2022ನೆಯ ಫೆಬ್ರವರಿಯಲ್ಲಿ ಸುಮಾರು 94,000ವನ್ನು ವಶಪಡಿಸಿಕೊಂಡರು. ನಮ್ಮ ದೇಶದಲ್ಲಿಯೂ 2023ನೆಯ ಮಾರ್ಚಿಯಿಂದ ಇಂತಹ ವಿನಿಮಯ ಸಂಸ್ಥೆಗಳು ಅಕ್ರಮ ಹಣದ ತಡೆಯ ಕಾಯಿದೆಗೆ ಒಳಪಟ್ಟಿದ್ದು, ಗ್ರಾಹಕರ ಗುರುತನ್ನು ಇಟ್ಟುಕೊಳ್ಳಲೇಬೇಕು. ಹೆಸರು ಒಂದೆಡೆ, ವ್ಯವಹಾರ ಇನ್ನೊಂದೆಡೆ. ಎರಡನ್ನೂ ಜೋಡಿಸಲು ಒಂದು ನೂಲೆಳೆ ಸಾಕು.

ಹಾಗಾದರೆ ಲೆಕ್ಕವನ್ನು ಮುಚ್ಚಿಡಬಯಸುವುದೇ ಅಪರಾಧವೇ? ಅಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ನೆಯ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆ ಹಕ್ಕು ನಿರಂಕುಶವಲ್ಲವೆಂದೂ ಹೇಳಿದರು. ಆದಕಾರಣ ಗೃಹಸ್ಥನ ಲೆಕ್ಕವು ನೆರೆಯವನಿಗೆ ಮುಚ್ಚಿದ್ದು, ಮನೆಯವರಿಗೂ ನ್ಯಾಯವಾದ ಕಾರಣವುಳ್ಳ ರಾಜಾಧಿಕಾರಕ್ಕೂ ತೆರೆದಿರುವುದೇ ಯುಕ್ತವೆಂದು ನಮಗೆ ತೋರುವುದು.

ಬಿಟ್‌ಕಾಯಿನ್ನಿನಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಗುಪ್ತಕೀಲಿಯನ್ನು ತನ್ನೊಬ್ಬನಲ್ಲಿಯೇ ಇಟ್ಟುಕೊಂಡ ಯಜಮಾನನು ಅಕಸ್ಮಾತ್ತಾಗಿ ತೀರಿಕೊಂಡರೆ, ಲೋಕವೆಲ್ಲ ಕಾಣುವ ಆ ಹಣವನ್ನು ಅವನ ಹೆಂಡತಿ ಮಕ್ಕಳು ಮುಟ್ಟಲಾರರು. ದೂರು ಕೊಡಲು ಅಲ್ಲಿ ಬ್ಯಾಂಕಿನ ಶಾಖೆಯೂ ಇಲ್ಲ, ವ್ಯವಸ್ಥಾಪಕನೂ ಇಲ್ಲ. ಈ ನಾಣ್ಯವನ್ನು ಹೊಂದಿರುವವರು ತಮ್ಮ ವಿಳಾಸವನ್ನು ಕಂಡಕಂಡವರಿಗೆ ಕೊಡದಿರಲಿ. ಕೀಲಿಯನ್ನು ಕಾಗದದಲ್ಲಿ ಬರೆದು, ಭೂಮಿಯ ಪತ್ರಗಳೊಡನೆ ಭದ್ರಪಡಿಸಿ, ಮನೆಯ ಒಬ್ಬರಿಗಾದರೂ ಅದರ ಸಂಗತಿಯನ್ನು ಇಂದೇ ತಿಳಿಸಲಿ. ವಿತ್ತವನ್ನು ಗೋಪ್ಯವಾಗಿಡಬೇಕೆಂದ ಹಿರಿಯರು ಅದನ್ನು ಮನೆಯವರಿಂದಲೇ ಕಳೆಯಬೇಕೆಂದು ಹೇಳಿಲ್ಲವಷ್ಟೆ.