ವಾಷಿಂಗ್ಟನ್ನಿನ ವರದಿಗಾರ ಮತ್ತು ನಮ್ಮ ಓಣಿಯ ವಲಸೆ

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂದು ಘೋಷಿಸಿದರು. ಆ ವಾರ ನಮ್ಮ ಕ್ಲಾಸಿನಲ್ಲಿ ಪಾಠಕ್ಕಿಂತ ಅದರದೇ ಮಾತು. "ಮುಗೀತ ಬಿಡೋ, ಇನ್ನ ಅಮೆರಿಕಾ ಬಂದ್" ಎಂದ ಸೈನ್ಸ್ ವಿಭಾಗದ ಗೆಳೆಯ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ನಾವ್ ಯಾವಾಗ ಹೋಗಿದ್ವೋ, ಬಂದ್ ಆಗಾಕ?" ಎಂದ. ಎಲ್ಲರೂ ನಕ್ಕೆವು.

ಆಗ ಒಳಗೆ ಬಂದ ಸರ್ ನಗಲಿಲ್ಲ. "ನಿಮ್ಮ ಮನೆಯವರು, ಬಳಗದವರು ಯಾರ್ಯಾರು ಹೊರಗಿದ್ದಾರೆ, ಕೈ ಎತ್ತಿ" ಎಂದರು. ಅಮೆರಿಕ ಎಂದಾಗ ಎದ್ದದ್ದು ಒಂದೆರಡು ಕೈ. ಸೌದಿ, ದುಬೈ, ಕುವೈತ್ ಎಂದಾಗ ಹಲವು. ಗೋವಾ, ಪುಣೆ, ಇಚಲಕರಂಜಿ, ಮುಂಬೈ ಎಂದಾಗ ಇಡೀ ಕ್ಲಾಸೇ ಕೈ ಎತ್ತಿತು. ಮರುದಿನ ಸರ್ ಒಂದು ಹೆಸರು ಕೊಟ್ಟು, ಅವರು ಬರೆದದ್ದನ್ನು ಗ್ರಂಥಾಲಯದಲ್ಲಿ ಹುಡುಕಿ ಓದಲು ಹೇಳಿದರು. ಆ ಹೆಸರು ಚಿದಾನಂದ ರಾಜಘಟ್ಟ.

ರಾಜಘಟ್ಟ ಅವರು ಕನ್ನಡ ನಾಡಿನ ಪತ್ರಕರ್ತರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ, ಡಾ. ಎಚ್. ನರಸಿಂಹಯ್ಯನವರ ಪ್ರಭಾವದಲ್ಲಿ ಪ್ರಶ್ನೆ ಕೇಳುವುದನ್ನು ಕಲಿತವರು. 1990ರ ದಶಕದಿಂದ ವಾಷಿಂಗ್ಟನ್ನಿನಲ್ಲಿದ್ದು ಭಾರತದ ಓದುಗರಿಗಾಗಿ ಅಮೆರಿಕದ ಸುದ್ದಿ ಬರೆಯುತ್ತಾ ಬಂದಿದ್ದಾರೆ. ಟೈಮ್ಸ್ ಆಫ್ ಇಂಡಿಯಾ ಓದುವವರಿಗೆ ಅವರ ಹೆಸರು ಚಿರಪರಿಚಿತ. ಸಿಲಿಕಾನ್ ವ್ಯಾಲಿಯಲ್ಲಿ ಬೆಳೆದ ಭಾರತೀಯ ತಂತ್ರಜ್ಞರ ಬಗ್ಗೆ 2001ರಲ್ಲಿ 'ದಿ ಹಾರ್ಸ್ ದಟ್ ಫ್ಲ್ಯೂ' ಬರೆದರು. 2021ರಲ್ಲಿ ಕಮಲಾ ಹ್ಯಾರಿಸ್ ಅವರ ಜೀವನ ಬರೆದರು. ಕಮಲಾ ಅವರ ತಾಯಿ ಶ್ಯಾಮಲಾ ಗೋಪಾಲನ್ 1958ರಲ್ಲಿ, ಇನ್ನೂ 19 ವರ್ಷದವರಿದ್ದಾಗ ಓದಲೆಂದು ಒಬ್ಬರೇ ಕ್ಯಾಲಿಫೋರ್ನಿಯಾಕ್ಕೆ ಹೋದವರು. ನಮ್ಮ ಸೆಕೆಂಡ್ ಪಿಯುಸಿ ಅಕ್ಕಂದಿರಿಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೇ.

ಒಬ್ಬ ವರದಿಗಾರ ಒಂದೇ ವಿಷಯದ ಹಿಂದೆ ಸುಮಾರು ಮೂರು ದಶಕ ನಿಂತರೆ ಏನು ಲಾಭ? ನನಗೆ ಕಂಡ ಉತ್ತರ ಇದು: ಇವತ್ತಿನ ಸುದ್ದಿಯ ಹಿಂದಿರುವ ಕಾನೂನು ಅವನಿಗೆ ಕಾಣುತ್ತದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರು ಪೌರತ್ವ ಕೇಳಿದಾಗ, ನೀವು ಬಿಳಿಯರಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ನಿರಾಕರಿಸಿತು. ಅವರು ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದ್ದವರು! 1946ರಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು, ವರ್ಷಕ್ಕೆ 100 ಮಂದಿ ಭಾರತೀಯರು ಬರಬಹುದು ಎಂದಾಯಿತು. ಬಾಗಿಲು ನಿಜವಾಗಿ ತೆರೆದದ್ದು 1965ರ ಕಾನೂನಿನಿಂದ. ಎಚ್-1ಬಿ ವೀಸಾ ಹುಟ್ಟಿದ್ದು 1990ರಲ್ಲಿ.

ಇದು ದೂರದ ಕಥೆ ಎನ್ನಬೇಡಿ. ಹುಕ್ಕೇರಿಯ ಪಕ್ಕದ ತಾಲ್ಲೂಕು ಚಿಕ್ಕೋಡಿ. ಅಲ್ಲಿ 1955ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 1979ರಲ್ಲಿ ರಸಾಯನಶಾಸ್ತ್ರ ಓದಲು ಅಮೆರಿಕಕ್ಕೆ ಹೋದರು. ಉದ್ಯಮ ಕಟ್ಟಿದರು, ಕಳೆದುಕೊಂಡರು, ಮತ್ತೆ ಕಟ್ಟಿದರು. 2022ರ ಚುನಾವಣೆಯಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಭಾಗದಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಅವರ ಸಾಹಸವನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ 1965ರ ಕಾನೂನು ಬರದಿದ್ದರೆ ಆ ಸಾಹಸಕ್ಕೆ ಜಾಗ ಎಲ್ಲಿತ್ತು? ಕಷ್ಟಪಟ್ಟರೆ ಎಲ್ಲ ಸಿಗುತ್ತದೆ ಎಂಬ ಭಾಷಣ ಅರ್ಧ ಸತ್ಯ. ಬಾಗಿಲು ಯಾರು ತೆರೆದರು, ಯಾರು ಮುಚ್ಚಿದರು ಎಂಬುದು ಉಳಿದ ಅರ್ಧ.

ಎಚ್-1ಬಿ ಲೆಕ್ಕವನ್ನೇ ನೋಡಿ. ವರ್ಷಕ್ಕೆ 65,000, ಅಲ್ಲಿಯೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. ಅರ್ಜಿ ಹೆಚ್ಚಾದರೆ ಲಾಟರಿ. ಶಾಶ್ವತವಾಗಿ ನೆಲೆಸುವ ಗ್ರೀನ್ ಕಾರ್ಡಿಗೆ ಒಂದು ದೇಶಕ್ಕೆ ಶೇ. 7ರ ಮಿತಿ. ನೂರ ನಲವತ್ತು ಕೋಟಿ ಜನರ ಭಾರತಕ್ಕೂ ಅದೇ ಮಿತಿ, ಪುಟ್ಟ ಐಸ್‌ಲ್ಯಾಂಡಿಗೂ ಅದೇ ಮಿತಿ. ಅದಕ್ಕೇ ನಮ್ಮವರು ದಶಕಗಟ್ಟಲೆ ಸರತಿಯಲ್ಲಿ ನಿಲ್ಲುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಫಾರ್ವರ್ಡ್ ಇದನ್ನು ಹೇಳುವುದಿಲ್ಲ. ಅದು ಸಿಟ್ಟು ಅಥವಾ ಆಸೆ ಹುಟ್ಟಿಸಿ ಮುಂದೆ ಹೋಗುತ್ತದೆ.

ಇನ್ನೊಂದು ಮುಖವೂ ಇದೆ. 2001ರ ಸೆಪ್ಟೆಂಬರ್ 11ರ ದಾಳಿ ನಡೆದ ನಾಲ್ಕೇ ದಿನಕ್ಕೆ ಅರಿಝೋನಾದಲ್ಲಿ ಬಲಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು ಅವರ ಪೆಟ್ರೋಲ್ ಬಂಕಿನ ಮುಂದೆ ಗುಂಡಿಕ್ಕಿ ಕೊಂದರು. ಪೇಟ ಮತ್ತು ಗಡ್ಡ ನೋಡಿ ಕೊಂದವನು ಬೇರೆಯೇ ತಿಳಿದಿದ್ದ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಶ್ರೀನಿವಾಸ ಕೂಚಿಭೋಟ್ಲ ಹತ್ಯೆಯಾಯಿತು. ಕೊಂದವನು ಅವರನ್ನು ಇರಾನಿನವರೆಂದು ತಿಳಿದಿದ್ದ. ದ್ವೇಷಕ್ಕೆ ಹೆಸರು, ಧರ್ಮ, ದೇಶ ವಿಚಾರಿಸುವ ತಾಳ್ಮೆ ಇರುವುದಿಲ್ಲ. ಆದರೆ ಅದೇ ರಾತ್ರಿ, ಕೊಲೆಗಾರನನ್ನು ತಡೆಯಲು ಹೋಗಿ ತಾನೇ ಗುಂಡೇಟು ತಿಂದವನು ಇಯಾನ್ ಗ್ರಿಲ್ಲಟ್ ಎಂಬ ಬಿಳಿಯ ಯುವಕ. ಎರಡನ್ನೂ ಬರೆದರೆ ಮಾತ್ರ ಅಮೆರಿಕದ ಬದುಕು ಬರೆದಂತೆ. ಒಂದನ್ನು ಬಿಟ್ಟರೆ ಅದು ಪ್ರಚಾರವಾಗುತ್ತದೆ.

ರಾಜಘಟ್ಟ ಅವರ ಬಗ್ಗೆ ನನಗೆ ಹೆಚ್ಚು ಗೌರವ ಬಂದದ್ದು ಇನ್ನೊಂದು ಕಾರಣಕ್ಕೆ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆ ಗೌರಿ ಲಂಕೇಶ್ ಹತ್ಯೆಯಾದರು. ಗೌರಿ ಅವರ ಕಾಲೇಜು ದಿನಗಳ ಗೆಳತಿ, ಒಂದು ಕಾಲದ ಬಾಳಸಂಗಾತಿ. ಮರುವರ್ಷ ಅವರು 'ಇಲ್ಲಿಬರಲ್ ಇಂಡಿಯಾ' ಎಂಬ ಪುಸ್ತಕ ಬರೆದು, ನಮ್ಮ ದೇಶದಲ್ಲಿ ಅಸಹನೆ ಬೆಳೆದ ಬಗೆಯನ್ನು ಕೇಳಿದರು. ಪರದೇಶದ ತಪ್ಪು ಎಣಿಸುವುದು ಸುಲಭ. ಅದೇ ಕಣ್ಣಿನಿಂದ ತನ್ನ ಮನೆ ನೋಡುವುದು ಕಷ್ಟ.

ಆದರೆ ನನ್ನದೊಂದು ತಕರಾರಿದೆ. ಅದು ಒಬ್ಬ ಪತ್ರಕರ್ತರ ಮೇಲಲ್ಲ, ನಮ್ಮ ಪತ್ರಿಕೆಗಳ ಮೇಲೆ. ವಲಸೆ ಎಂದರೆ ಅವುಗಳಿಗೆ ಅಮೆರಿಕ, ಸಾಫ್ಟ್‌ವೇರ್, ಸಿಇಒ. ನಮ್ಮ ಕ್ಲಾಸಿನಲ್ಲಿ ಎದ್ದ ಅಷ್ಟು ಕೈಗಳ ಬಗ್ಗೆ ಮೂವತ್ತು ವರ್ಷ ಬರೆದವರು ಯಾರು?

ನನ್ನ ಮಾಮೂ ಹತ್ತನೇ ತರಗತಿ ಮುಗಿಸಿರಲಿಲ್ಲ. ಎಸಿ ರಿಪೇರಿ ಕೆಲಸ ಎಂದು ಒಬ್ಬ ಏಜೆಂಟ್ ಗಲ್ಫಿಗೆ ಕಳಿಸಿದ. ಅಲ್ಲಿ ಸಿಕ್ಕಿದ್ದು ಗೋದಾಮಿನಲ್ಲಿ ಹೊರೆ ಹೊರುವ ಕೆಲಸ. ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿ. ಮಾಮೂ ಫೋನಿನಲ್ಲಿ "ಎಲ್ಲಾ ಚಲೋ ಐತಿ" ಎನ್ನುತ್ತಿದ್ದರು, ನಾನಿ ಸಮಾಧಾನದಿಂದ ಫೋನ್ ಇಡುತ್ತಿದ್ದರು. ನಿಜ ಗೊತ್ತಾದದ್ದು ಅವರು ತಿರುಗಿ ಬಂದ ಮೇಲೆ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು, 1983ರ ಎಮಿಗ್ರೇಷನ್ ಕಾಯ್ದೆಯಂತೆ ಏಜೆಂಟ್ ನೋಂದಣಿ ಮಾಡಿಸಿರಬೇಕು, ಆ ಪಟ್ಟಿಯನ್ನು ಇ-ಮೈಗ್ರೇಟ್ ತಾಣದಲ್ಲಿ ಯಾರಾದರೂ ನೋಡಬಹುದು, ಹೀಗೆ ಹೋಗುವ ಕಾರ್ಮಿಕರಿಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಇಷ್ಟನ್ನು ನಮ್ಮ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ. ಎಚ್-1ಬಿ ಶುಲ್ಕ ಮಾತ್ರ ಇವತ್ತು ನಮ್ಮೆಲ್ಲರಿಗೂ ಬಾಯಿಪಾಠ!

ಇನ್ನು ನಮ್ಮೂರಿಗೆ ಬರುವವರ ವಿಷಯ. ಪ್ರತಿ ವರ್ಷ ಕಬ್ಬಿನ ಹಂಗಾಮು ಶುರುವಾದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಹೊರಗಿನ ಗ್ಯಾಂಗುಗಳು ಬರುತ್ತವೆ. ಹೊಲದ ಬದಿಯಲ್ಲಿ, ಕಾರ್ಖಾನೆಯ ಹತ್ತಿರ ತಾಡಪತ್ರಿಯ ಗುಡಿಸಲು. ಅವರಲ್ಲಿ ನಮ್ಮ ವಯಸ್ಸಿನ ಹುಡುಗ ಹುಡುಗಿಯರೂ ಇರುತ್ತಾರೆ, ಬೆಳಗಿನ ಜಾವದ ಚಳಿಯಲ್ಲಿ ಕುಡಗೋಲು ಹಿಡಿದಿರುತ್ತಾರೆ. ಓಣಿಯಲ್ಲಿ ಏನಾದರೂ ಕಳೆದರೆ ಮೊದಲ ಅನುಮಾನ ಅವರ ಮೇಲೆ. ಬಿಹಾರದಿಂದ ಬಂದ ಗಾರೆ ಕೆಲಸದವರು ಬಾಡಿಗೆ ಮನೆ ಕೇಳಿದರೆ ನಾವು ಕೊಡುತ್ತೇವೆಯೇ? ಟ್ರಂಪ್ ಮಾಡಿದ್ದು ತಪ್ಪು ಎನ್ನುವ ಬಾಯಿಯೇ "ಹೊರಗಿನಾವರನ್ನ ನಂಬಬ್ಯಾಡ್ರಿ" ಎಂದೂ ಹೇಳುವುದನ್ನು ನಾನು ಕೇಳಿದ್ದೇನೆ. ನಾನೂ ಹೇಳಿದ್ದೇನೆ.

ನಮ್ಮ ಹಿಜರಿ ವರ್ಷದ ಲೆಕ್ಕ ಶುರುವಾಗುವುದೇ ಒಂದು ವಲಸೆಯಿಂದ. ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರರನ್ನು ಮದೀನಾದ ಅನ್ಸಾರರು ಅಣ್ಣತಮ್ಮಂದಿರೆಂದು ಮನೆಯೊಳಗೆ ಕರೆದರು, ಇದ್ದದ್ದನ್ನು ಹಂಚಿಕೊಂಡರು. ಮೊಹರಂ ತಿಂಗಳು ಬಂದಾಗ ಈ ಮಾತು ಕೇಳುತ್ತೇವೆ. ಹಾಗೆಯೇ 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿದಾಗ, ನಾವೇ ಗಂಟು ಕಟ್ಟಿಕೊಂಡು ಬೇರೆಯವರ ಬಾಗಿಲಿಗೆ ಹೋಗಿದ್ದೆವು. ರೊಟ್ಟಿ ಕೊಟ್ಟವರು ಆಗ ನಮ್ಮ ಜಾತಿ, ಧರ್ಮ ಕೇಳಲಿಲ್ಲ. ಅದನ್ನು ಇಷ್ಟು ಬೇಗ ಮರೆಯಬಾರದು.

ಅದಕ್ಕೆ ನನ್ನದೊಂದು ಸೂಚನೆ. ನಮ್ಮ ಈ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೆ ಒಂದು ಪುಟ 'ಊರು ಬಿಟ್ಟವರು, ಊರಿಗೆ ಬಂದವರು' ಎಂದು ಇಡೋಣ. ಒಬ್ಬ ವಿದ್ಯಾರ್ಥಿ ಒಬ್ಬ ವ್ಯಕ್ತಿಯ ಜೊತೆ ಕುಳಿತು ಕೇಳಿ ಬರೆಯಲಿ. ಯಾವ ವರ್ಷ ಹೋದಿರಿ, ಯಾರು ಕರೆದೊಯ್ದರು, ಎಷ್ಟು ಸಾಲ ಮಾಡಿದಿರಿ, ಕಾಗದದಲ್ಲಿ ಏನಿತ್ತು, ಕೈಗೆ ಏನು ಬಂತು? ಅವರ ಒಪ್ಪಿಗೆ ಇಲ್ಲದೆ ಹೆಸರು ಹಾಕುವುದು ಬೇಡ. ಕೇಳಿದ್ದನ್ನು ಇನ್ನೊಬ್ಬರಲ್ಲಿ ಖಾತ್ರಿ ಮಾಡಿಕೊಳ್ಳೋಣ. ಹೊಗಳಿಕೆ ಬೇಡ, ಅಯ್ಯೋ ಪಾಪವೂ ಬೇಡ. ವಿವರ ಇದ್ದರೆ ಸಾಕು.

ಇದಕ್ಕೆ ವಾಷಿಂಗ್ಟನ್ನಿಗೆ ಹೋಗಬೇಕಿಲ್ಲ, ವೀಸಾ ಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದು ಸಂಜೆಯ ಬಿಡುವು ಬೇಕು. ಮೊದಲ ಬರಹ ನಾನೇ ಕೊಡುತ್ತೇನೆ. ಮಾಮೂನನ್ನು ಕೇಳಿದ್ದೇನೆ. "ಅದನ್ನೆಲ್ಲಾ ಬರದ ಏನ್ ಮಾಡ್ತಿ ಬೇಟಾ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜುಮ್ಮಾ ನಮಾಜ್ ಆದಮ್ಯಾಲ ಬಾ, ಹೇಳ್ತೀನಿ" ಎಂದಿದ್ದಾರೆ.