ಒಳಗಿನ ಮಾತಿಗೆ ಬೆಲೆ ತೆರುವವರು ಯಾರು?

ದೇವರು ಮನುಷ್ಯನಿಗೆ ದಾರಿ ತೋರುತ್ತಾನೆಯೇ ಎಂಬುದು ಪಂಡಿತರ ಚರ್ಚೆ. ವಿಜಯಪುರ ಸೀಮೆಯ ಭಕ್ತರ ಮನೆಗಳಲ್ಲಿ ಆ ಬಗ್ಗೆ ಸಂಶಯವಿಲ್ಲ. ಸಂಬಂಧ ಕೂಡಿಸುವಾಗ, ಹೊಲ ಮಾರುವಾಗ, ಟಿಕೋಟಾ ಕಡೆ ಸಾಲ ತೆಗೆದು ದ್ರಾಕ್ಷಿ ಪಡ ಹಾಕುವಾಗ ‘ಯಾಕೋ ಮನಸ್ಸು ಒಪ್ಪವಲ್ದು’ ಎಂದೋ ‘ಅಜ್ಜನ ಅಪ್ಪಣೆ ಆಗ್ಯದ’ ಎಂದೋ ಅನ್ನುವವರು ಇಲ್ಲಿ ಬೇಕಾದಷ್ಟು. ಬಬಲೇಶ್ವರ ತಾಲ್ಲೂಕಿನ ಬಬಲಾದಿಯಲ್ಲಿ ಸದಾಶಿವ ಮುತ್ಯಾನ ಕಾಲಜ್ಞಾನಕ್ಕೆ ಜನ ಕಿವಿಗೊಡುತ್ತಾರೆ. ಮುಸಲ್ಮಾನರಲ್ಲಿ ಕವಲುದಾರಿಗೆ ಬಂದಾಗ ಇಸ್ತಿಖಾರಾ ನಮಾಜು ಮಾಡಿ, ಒಳಿತಿನ ಕಡೆ ನಡೆಸೆಂದು ಬೇಡುವ ಪದ್ಧತಿಯಿದೆ. ತೊಡಕಿರುವುದು ಇನ್ನೊಂದು ಕಡೆ: ಒಳಗೆ ಎದ್ದ ಮಾತು ದೇವರದೋ, ನಮ್ಮ ಆಸೆಯದೋ?

ಗುರುತು ಕೇಳುವುದು ಸುಲಭದ ಉಪಾಯ. ಆದರೆ ದೇವರ ಬಲಗಡೆಯಿಂದ ಹೂ ಬೀಳಲಿ ಎಂದು ಕೂತವನು, ಎಡಗಡೆಯಿಂದ ಬಿದ್ದರೆ ಮತ್ತೊಮ್ಮೆ ಕೇಳುತ್ತಾನೆ. ಬೇಕಾದ ಉತ್ತರ ಸಿಕ್ಕ ಕೂಡಲೇ ಕೇಳುವುದನ್ನು ನಿಲ್ಲಿಸುತ್ತಾನೆ. ಮನಸ್ಸಿಗೆ ನೆಮ್ಮದಿ ಸಿಕ್ಕಿತೆಂಬುದೂ ಪುರಾವೆಯಲ್ಲ. ತಮ್ಮನ ಪಾಲು ನುಂಗಿದ ಅಣ್ಣನಿಗೂ ರಾತ್ರಿ ನಿದ್ದೆ ಬರುತ್ತದೆ.

ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಥೆಯಲ್ಲಿ ನೆಮ್ಮದಿ ತದ್ವಿರುದ್ಧ ದಿಕ್ಕಿನಲ್ಲಿದೆ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಸಂಗಮನಾಥ ಕನಸಿಗೆ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗು ಎನ್ನುತ್ತಾನೆ. ಬಸವಣ್ಣ ಹಿಗ್ಗುವುದಿಲ್ಲ, ಕಂಗೆಡುತ್ತಾನೆ. ಕೂಡಲಸಂಗಮದ ಪೂಜೆ ಬಿಟ್ಟು ಅರಮನೆಯ ಊರಿಗೆ ಹೋಗುವುದು ಅವನಿಗೆ ಬೇಡವಾಗಿತ್ತು. ಆದರೂ ಹೋದ. ಬೇಡವಾದುದನ್ನೇ ಹೇಳಿದ ದನಿಯನ್ನು ನಮ್ಮ ಆಸೆಯ ಖಾತೆಗೆ ಬರೆಯುವುದು ಕಷ್ಟ.

ನಮ್ಮ ಕಾಲದ ನಿದರ್ಶನ ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯವರಾದ, ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅವರ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ವಿನಯದಿಂದಲೇ ಬೇಡವೆಂದರು. ತಮ್ಮ ದೇಹವನ್ನು ಹೂಳದೆ ಸುಡಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಬಹಳ ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಊರಿಗೆ ಊರೇ ಕಣ್ಣೀರಿಟ್ಟಿತು. ಅಂಥ ಗುರುವಿಗೆ ಗದ್ದುಗೆ ಕಟ್ಟಬೇಕೆಂದು ಭಕ್ತನ ಎದೆ ಮಿಡಿದರೆ ಆ ಮಿಡಿತದಲ್ಲಿ ಕಪಟವಿಲ್ಲ, ಅದು ಭಕ್ತಿಯೇ. ಆದರೂ ಗುರುವಿನ ಮಾತು ನಡೆಸಬೇಕಾದರೆ ಆ ಭಕ್ತಿಯನ್ನೂ ತಡೆದುಕೊಳ್ಳಬೇಕಿತ್ತು. ದೇಹಕ್ಕೆ ಅಗ್ನಿಸಂಸ್ಕಾರವಾಯಿತು, ಭಸ್ಮ ನೀರು ಸೇರಿತು. ಪವಿತ್ರವೆನಿಸಿದ ಪ್ರತಿ ಭಾವವೂ ಅಪ್ಪಣೆಯಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ.

ಹಾಗಾದರೆ ಕಷ್ಟಕ್ಕೆ ದೂಡುವ ದನಿಯೆಲ್ಲ ದೇವರದೇ? ಅಲ್ಲ. ಧರ್ಮದ ಹೆಸರಲ್ಲಿ ಕತ್ತಿ ಹಿಡಿದವನೂ ಪ್ರಾಣ ಕೊಡಲು ಸಿದ್ಧನಿರುತ್ತಾನೆ. ಆದರೆ ಅವನು ಮೊದಲು ಕೇಳುವುದು ಇನ್ನೊಬ್ಬರ ಪ್ರಾಣ. ಬಸವಣ್ಣ ಬಿಟ್ಟುಕೊಟ್ಟದ್ದು ತನ್ನ ನೆಚ್ಚಿನ ಜಾಗವನ್ನು, ಸ್ವಾಮೀಜಿ ಬಿಟ್ಟದ್ದು ತಮಗೆ ಬಂದ ಮನ್ನಣೆಯನ್ನು. ‘ದೇವರು ಹೇಳಿದ’ ಎಂದು ಸೊಸೆಗೆ ಉಪವಾಸ ಹೊರಿಸುವುದು, ಮಗಳ ಓದು ಬಿಡಿಸುವುದು, ನೆರೆಯವನ ಜೊತೆ ಮಾತು ಬಿಡುವುದು ಪ್ರೇರಣೆಯಲ್ಲ. ಅದು ದೇವರ ಮುದ್ರೆ ಒತ್ತಿದ ದಬ್ಬಾಳಿಕೆ. ಒಳಗಿನ ಮಾತಿಗೆ ಬೆಲೆ ತೆರುವವರು ಯಾರೆಂದು ನೋಡಿದರೆ ಅರ್ಧ ಸಂಶಯ ಬಗೆಹರಿಯುತ್ತದೆ.

ಉಳಿದರ್ಧಕ್ಕೆ ನಾಲ್ಕು ಜನರ ಸಂಗ ಬೇಕು. ತಮ್ಮ ಅನುಭಾವವನ್ನು ಶರಣರು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ, ಗೋಷ್ಠಿಯ ನಡುವೆ ಆಡಿ ಒರೆಗೆ ಹಚ್ಚಿದರು. ತಿಳಿದವರ ಮುಂದೆ ಹೇಳಲು ನಾಚುವ, ನಾಳೆಯವರೆಗೆ ಕಾಯಲಾರದ ಪ್ರೇರಣೆಯನ್ನು ನಂಬಬಾರದು.

ಇಷ್ಟೊಂದು ಪರೀಕ್ಷೆ ದೊಡ್ಡ ನಿರ್ಧಾರಗಳಿಗೆ ಸಾಕು. ಆಸ್ಪತ್ರೆಯಲ್ಲಿರುವ ದಾಯಾದಿಯನ್ನು ನೋಡಿ ಬರಬೇಕೆನಿಸಿದರೆ, ಕೂಲಿಯವರ ಬಾಕಿ ಇಂದೇ ಕೊಡಬೇಕೆನಿಸಿದರೆ, ಮುನಿದವರ ಮನೆಗೆ ತಾನೇ ಮೊದಲು ಹೋಗಬೇಕೆನಿಸಿದರೆ ಹೂವಿಗಾಗಿ ಕಾಯಬೇಡಿ, ಹೋಗಿ ಬನ್ನಿ. ಆ ಮಾತು ದೇವರದಲ್ಲದಿದ್ದರೂ ಯಾರಿಗೂ ನಷ್ಟವಿಲ್ಲ.