ಹಾಳೆ ಹರಿಯಬೇಡಿ, ಖಾತೆ ಮುಚ್ಚಿ

ನಮ್ಮ ಹಳೇ ವಿಂಡೋಸ್ 95 ಕಂಪ್ಯೂಟರಿಗೆ ಈಗ ಯಾವ ನೆಟ್‌ವರ್ಕೂ ಇಲ್ಲ. ಆದರೆ 1995ರ ಆ ವಿಂಡೋಸು ನೆಟ್‌ವರ್ಕ್ ಕಾರ್ಡ್ ಕಂಡರೆ ಸಾಕು, ನೆಟ್‌ವೇರ್ ಕ್ಲೈಂಟು, ಐಪಿಎಕ್ಸ್, ನೆಟ್‌ಬ್ಯೂಯಿ ಎಲ್ಲವನ್ನೂ ತಾನೇ ತುಂಬಿಕೊಳ್ಳುತ್ತಿತ್ತು. ಮನೆಯಲ್ಲಿ ನೆಟ್‌ವೇರ್ ಸರ್ವರು ಯಾರಿಗಿತ್ತು ಹೇಳಿ! 8 ಎಂಬಿ ಮೆಮೊರಿಯ ಯಂತ್ರಕ್ಕೆ ಇದು ಸಣ್ಣ ಹೊರೆಯಲ್ಲ.

ತೆಗೆಯಲೇಬೇಕು ಎನ್ನುವವನೇ ನಾನು. ಆದರೆ ನನ್ನ ಮಗ ತೆಗೆದ ಹಾಗಲ್ಲ. ಅವನು ಸಿಸ್ಟಮ್ ಫೋಲ್ಡರಿಗೆ ನುಗ್ಗಿ ನಾಲ್ಕೈದು ವಿಎಕ್ಸ್‌ಡಿ ಫೈಲುಗಳನ್ನು ಅಳಿಸಿಬಿಟ್ಟ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ: ರಿಜಿಸ್ಟ್ರಿಯಲ್ಲಿ ಹೆಸರಿದೆ, ಫೈಲು ಮಾತ್ರ ಇಲ್ಲ, ಅಂತ. ಜೀವ ಬಾಯಿಗೆ ಬಂತು. ಅಮ್ಮ ಹೇಳಿ ಬರೆಸಿದ ಹಾಡುಗಳ ಒಂದೇ ಪ್ರತಿ ಇರುವುದು ಅದರಲ್ಲಿ. ಒಂದು ಕೀ ಒತ್ತಿದೆ, ಪುಣ್ಯಕ್ಕೆ ಮುಂದೆ ಹೋಯಿತು.

ಖಾತೆ ಮುಚ್ಚುವಾಗ ನಾವು ಬ್ಯಾಂಕಿನವರು ಲೆಡ್ಜರಿನ ಹಾಳೆ ಹರಿಯುತ್ತೇವೆಯೇ? ಎಂಟ್ರಿ ಹಾಕಿ ಮುಚ್ಚುತ್ತೇವೆ. ಇಲ್ಲೂ ಅಷ್ಟೇ. ಕಂಟ್ರೋಲ್ ಪ್ಯಾನೆಲ್‌ನ 'ನೆಟ್‌ವರ್ಕ್' ತೆರೆದು, ಬೇಡದ್ದನ್ನು ಒಂದೊಂದಾಗಿ ಆರಿಸಿ 'ರಿಮೂವ್' ಒತ್ತಿದರೆ ರಿಜಿಸ್ಟ್ರಿಯ ಲೆಕ್ಕವೂ ಸರಿಹೋಗುತ್ತದೆ. ಫೈಲು ಡಿಸ್ಕಿನಲ್ಲೇ ಉಳಿದರೆ ಉಳಿಯಲಿ ಬಿಡಿ, ಲೋಡ್ ಆಗದಿದ್ದರೆ ಸಾಕಲ್ಲ.

ಅಳಿಸಿದ್ದನ್ನೆಲ್ಲ ಸಿಡಿಯಿಂದ ಮರಳಿ ಹಾಕಿ, ಹಾಡುಗಳನ್ನು ಎರಡು ಫ್ಲಾಪಿಗೆ ಇಳಿಸಿದ ಮೇಲೆಯೇ ನಾನು 'ರಿಮೂವ್' ಒತ್ತಿದ್ದು.